ಓದಿದ ಮೇಲೆ ಒಂದು ಮಾತು

ಪುಣೆಯ ಸ್ವಾರಗೇಟಿನಿಂದ ಸಾತಾರಾ ರಸ್ತೆ ಹಿಡಿದು ಕಾತ್ರಜ್ ಕಡೆಗೆ ಹೊರಟರೆ ನಡುವೆ ಸಿಗುವುದು ಧನಕವಡಿ. ಹಿಂದೆ ಊರಾಚೆಯ ಹಳ್ಳಿ, ಈಗ ಮಹಾನಗರದೊಳಗಿನ ಗಿಜಿಗುಡುವ ಬಡಾವಣೆ. ಒಂದು ಕಡೆ ಶಂಕರ ಮಹಾರಾಜರ ಮಠ, ಇನ್ನೊಂದು ಕಡೆ ಭಾರತಿ ವಿದ್ಯಾಪೀಠದ ವೈದ್ಯಕೀಯ, ದಂತವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು. ಅವುಗಳ ಸುತ್ತ ಹಾಸ್ಟೆಲು, ಪಿ.ಜಿ., ಮೆಸ್ಸು, ಝೆರಾಕ್ಸ್ ಅಂಗಡಿ, ಅಮೃತತುಲ್ಯ ಎಂದು ಫಲಕ ಹಾಕಿಕೊಂಡ ಚಹಾದಂಗಡಿ. ಕಾತ್ರಜ್ ದಾಟಿದ ಹೆದ್ದಾರಿಯೇ ಮುಂದೆ ಸಾತಾರಾ, ಕೊಲ್ಲಾಪುರ ಹಾದು ಬೆಳಗಾವಿ ಮುಟ್ಟುತ್ತದೆ. ಹಾಗಾಗಿ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಹುಡುಗ ಹುಡುಗಿಯರಿಗೆ ಇದು ಪರಕೀಯ ಅನ್ನಿಸುವ ಊರಲ್ಲ. ಓದಲು ಬಂದವರಿದ್ದಾರೆ. ಓದು ಮುಗಿಸಿ ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಹಿಡಿದು, ಹಳೆಯ ರೂಮು ಬಿಡಲಾಗದೆ ಇಲ್ಲೇ ಉಳಿದವರೂ ಇದ್ದಾರೆ.

ಮನೆಯಿಂದ ಮೊದಲ ಸಲ ದೂರ ಬಂದ ಈ ವಯಸ್ಸಿನವರಿಗೆ ಮನೆ, ಸ್ನೇಹ, ಪ್ರೀತಿ ಮೂರೂ ಫೋನಿನೊಳಗೇ ಇವೆ. ಇವರ ನಡುವೆ ಕೂತು ಮಾತು ಕೇಳಿದರೆ ಒಂದು ಸಂಗತಿ ಗೊತ್ತಾಗುತ್ತದೆ. ದೊಡ್ಡ ಜಗಳಗಳಿಗಿಂತ ಹೆಚ್ಚು ನಿದ್ದೆಗೆಡಿಸುವುದು ಬಾರದ ಉತ್ತರ. ಸಂಜೆ ಹೊತ್ತು ಚಹಾದಂಗಡಿಯ ಮುಂದೆ ನಿಂತ ಇಬ್ಬರು ಗೆಳೆಯರ ಮಾತು ಹೀಗೆ ಸಾಗುತ್ತದೆ:

‘ನೋಡ್ಯಾಳಲೇ. ಎರಡೂ ಟಿಕ್ ನೀಲಿ ಆಗ್ಯಾವ. ಒಂದು ಮಾತಿಲ್ಲ.’

‘ಯಾವಾಗ ಕಳಿಸಿದ್ದಿ?’

‘ಆರೂವರಿಗೆ.’

‘ಈಗ ಏಳಾತು. ಆಕಿಗೆ ನಾಳೆ ಪರೀಕ್ಷೆ ಇಲ್ಲೇನು?’

‘ಆನ್‌ಲೈನ್ ಇದ್ಲೋ ಮಾರಾಯಾ.’

‘ಆನ್‌ಲೈನ್ ಇದ್ರ ನಿನ್ನ ಜೋಡಿನ ಮಾತಾಡಬೇಕಂತ ಎಲ್ಲಿ ಬರದೈತಿ?’

ಕೊನೆಯ ಪ್ರಶ್ನೆ ಕೇಳಿದ ಗೆಳೆಯ ಒಳ್ಳೆಯ ಗೆಳೆಯ. ಆದರೂ ಮೊದಲನೆಯವನ ಸಂಕಟ ಸುಳ್ಳಲ್ಲ. ಗ್ಲಾಸಿನ ಚಹಾ ಆರುತ್ತಿದ್ದರೂ ಅವನ ಹೆಬ್ಬೆರಳು ಪರದೆಯನ್ನು ಕೆಳಗೆಳೆದು ಬಿಡುತ್ತದೆ, ಮತ್ತೆ ಎಳೆಯುತ್ತದೆ. ಈ ಸಂಕಟ ಎಲ್ಲಿಂದ ಬಂತು, ಇದರಲ್ಲಿ ಯಾರ ಪಾಲು ಎಷ್ಟು, ನಾವು ಒಬ್ಬರಿಗೊಬ್ಬರು ಏನು ಕೊಡಬೇಕಾದವರು ಎಂಬುದನ್ನು ಕೂತು ಯೋಚಿಸುವ ಕಾಲ ಬಂದಿದೆ.

ನೀಲಿ ಬಣ್ಣ ಹೇಳುವುದೆಷ್ಟು?

ವಾಟ್ಸ್ಆ್ಯಪ್ ಶುರುವಾದದ್ದು 2009ರಲ್ಲಿ. ಒಂದು ಟಿಕ್ ಎಂದರೆ ಸಂದೇಶ ನಮ್ಮ ಫೋನಿನಿಂದ ಹೊರಟಿತು, ಎರಡು ಟಿಕ್ ಎಂದರೆ ಎದುರಿನವರ ಫೋನಿಗೆ ಮುಟ್ಟಿತು. ಅಲ್ಲಿಯವರೆಗೆ ತಂಟೆಯಿರಲಿಲ್ಲ. 2014ರ ನವೆಂಬರ್‌ನಲ್ಲಿ ಆ ಎರಡು ಟಿಕ್‌ಗಳಿಗೆ ನೀಲಿ ಬಣ್ಣ ಬಂತು: ಓದಿದ್ದಾರೆ ಎಂಬುದಕ್ಕೆ ಸಾಕ್ಷಿ. ಜಗತ್ತಿನಾದ್ಯಂತ ಎಷ್ಟು ಗೊಣಗಾಟ ಎದ್ದಿತೆಂದರೆ, ಬೇಡವಾದವರು ಅದನ್ನು ಆರಿಸಿಟ್ಟುಕೊಳ್ಳುವ ಅವಕಾಶವನ್ನು ಕಂಪನಿ ಕೆಲವೇ ದಿನಗಳಲ್ಲಿ ಕೊಡಬೇಕಾಯಿತು. ಆರಿಸಿಟ್ಟವರಿಗೆ ಬೇರೆಯವರ ನೀಲಿಯೂ ಕಾಣಿಸುವುದಿಲ್ಲ. ಗುಂಪಿನಲ್ಲಿ ಮತ್ತು ಧ್ವನಿ ಸಂದೇಶದಲ್ಲಿ ಮಾತ್ರ ಈ ಆರಿಸುವಿಕೆ ನಡೆಯುವುದಿಲ್ಲ.

ಇಷ್ಟೆಲ್ಲ ಆದರೂ ನೀಲಿ ಟಿಕ್ ಹೇಳುವುದು ಒಂದೇ ಸಂಗತಿ: ಆ ಸಂಭಾಷಣೆ ಆ ಫೋನಿನಲ್ಲಿ ತೆರೆದುಕೊಂಡಿತು. ಓದಿದವರು ನಿಂತಿದ್ದರೋ ಓಡುತ್ತಿದ್ದರೋ, ಕಣ್ಣಲ್ಲಿ ನಿದ್ದೆಯಿತ್ತೋ ನೀರಿತ್ತೋ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಅಷ್ಟನ್ನೂ ನಮ್ಮ ಮನಸ್ಸು ತುಂಬಿಕೊಳ್ಳುತ್ತದೆ. ಮನಸ್ಸು ತುಂಬುವುದು ಯಾವಾಗಲೂ ನಮ್ಮ ಭಯದಿಂದಲೇ. ಪ್ರೀತಿಯಲ್ಲಿ ಅಳುಕಿರುವವನಿಗೆ ಆ ನೀಲಿ ತಿರಸ್ಕಾರವಾಗಿ ಕಾಣುತ್ತದೆ, ಸ್ನೇಹದಲ್ಲಿ ಕೀಳರಿಮೆ ಇರುವವಳಿಗೆ ಅಸಡ್ಡೆಯಾಗಿ ಕಾಣುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಜಪಾನಿಯಿಂದ ಡೇನಿಷ್‌ವರೆಗೆ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಭಾಷಾವಿಜ್ಞಾನಿಗಳ ತಂಡವೊಂದು 2009ರಲ್ಲಿ ಅಧ್ಯಯನ ಪ್ರಕಟಿಸಿತು. ಎದುರುಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವುದರ ನಡುವಿನ ಅಂತರ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಪಾಲು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕಿಂತ ತಡವಾದರೆ ಏನೋ ಎಡವಟ್ಟಾಗಿದೆ ಎಂದು ಕಿವಿ ಎಚ್ಚರಿಸುತ್ತದೆ. ಚಾಟ್ ಪರದೆ ಮಾತುಕತೆಯ ವೇಷದಲ್ಲಿದೆ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು, ‘ಟೈಪಿಂಗ್’ ಎಂಬ ಸೂಚನೆ ಬೇರೆ. ಆದ್ದರಿಂದ ಕಿವಿಯ ಗಡಿಯಾರವನ್ನೇ ಅದಕ್ಕೂ ಹಚ್ಚುತ್ತೇವೆ. ನಿಜದಲ್ಲಿ ಅದು ಪತ್ರದ ಜಾತಿಗೆ ಸೇರಿದ್ದು. ಬರೆದವರು ಒಂದು ಹೊತ್ತಿನಲ್ಲಿ, ಓದುವವರು ಇನ್ನೊಂದು ಹೊತ್ತಿನಲ್ಲಿ.

ಅಂದಿನ ಕಾಯುವಿಕೆಗೆ ಅಳತೆಯಿತ್ತು

ಪತ್ರಕ್ಕೆ ಕಾದ ಪೀಳಿಗೆಗಳು ಪುಣೆಗೆ ಹೊಸವಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಅದಕ್ಕಿಂತ ಮೊದಲು ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಎಷ್ಟೋ ಹುಡುಗರು ಹೆಚ್ಚಿನ ಓದಿಗೆ ಪುಣೆ ಹಿಡಿಯುತ್ತಿದ್ದರು. 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜಿನಲ್ಲಿ ದ.ರಾ. ಬೇಂದ್ರೆ ಓದಿದರು. ವಿ.ಕೃ. ಗೋಕಾಕರು ಅಲ್ಲಿ ಪಾಠ ಹೇಳಿದರು. ವಿರಹಿ ಯಕ್ಷನೊಬ್ಬ ಮೋಡದ ಕೈಯಲ್ಲಿ ಹೆಂಡತಿಗೆ ಸುದ್ದಿ ಕಳಿಸುವ ಕಾಳಿದಾಸನ ‘ಮೇಘದೂತ’ವನ್ನು ಮುಂದೆ ಕನ್ನಡಕ್ಕೆ ತಂದವರೂ ಬೇಂದ್ರೆಯವರೇ.

ಆ ಕಾಲದ ವಿದ್ಯಾರ್ಥಿಗೆ ಕಾಲಣೆಯ ಕಾರ್ಡೇ ಮನೆಯ ಬಾಗಿಲು. ನಮ್ಮ ದೇಶಕ್ಕೆ ಪೋಸ್ಟ್ ಕಾರ್ಡ್ ಬಂದದ್ದು 1879ರಲ್ಲಿ. ಪುಣೆಯಲ್ಲಿ ಹಾಕಿದ ಕಾರ್ಡು ರೈಲಿನಲ್ಲಿ ಧಾರವಾಡಕ್ಕೆ ಹೋಗಿ, ಅಲ್ಲಿಂದ ಹಳ್ಳಿಗೆ ಹೋಗಿ, ಯಾರೋ ಓದಿ ಹೇಳಿ, ಇನ್ಯಾರೋ ಉತ್ತರ ಬರೆದು, ಅದು ತಿರುಗಿ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ಯಾರೂ ಅದನ್ನು ಅವಮಾನ ಎಂದುಕೊಳ್ಳಲಿಲ್ಲ. ಟಪಾಲಿನವ ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದು ಗೊತ್ತಿತ್ತು. ಅವನು ಬಂದು ಹೋದ ಮೇಲೆ ಮರುದಿನದವರೆಗೆ ಮನಸ್ಸಿಗೆ ಬಿಡುವು. ಪತ್ರದ ಕೊನೆಗೆ ‘ತಪ್ಪದೆ ಉತ್ತರ ಬರೆಯುವುದು’ ಎಂದು ಕೇಳುವ ರೂಢಿಯಿತ್ತು. ಅವಸರವಿದ್ದರೆ ತಂತಿ ಇತ್ತು. ಉತ್ತರ ಬೇಕೇ ಬೇಕೆನ್ನುವವರಿಗೆ ಎರಡು ಕಾರ್ಡು ಸೇರಿಸಿದ ರಿಪ್ಲೈ ಕಾರ್ಡೂ ಇತ್ತು.

ಮುಟ್ಟಿದ್ದಕ್ಕೆ ಸಾಕ್ಷಿ ಬೇಕಾದವರು ಹೆಚ್ಚಿನ ದುಡ್ಡು ಕೊಟ್ಟು ರಿಜಿಸ್ಟರ್ಡ್ ಎ.ಡಿ. ಮಾಡಿಸುತ್ತಿದ್ದರು. ಪಡೆದವರ ಸಹಿ ಹೊತ್ತ ಚೀಟಿ ಕಳಿಸಿದವರಿಗೆ ಮರಳುತ್ತಿತ್ತು. ಕೋರ್ಟಿನ ನೋಟಿಸು, ಬ್ಯಾಂಕಿನ ತಗಾದೆ, ಜಮೀನಿನ ತಕರಾರು ಇಂಥವಕ್ಕೆ ಮೀಸಲಾದ ವ್ಯವಸ್ಥೆ ಅದು. ಹೆಂಡತಿಗೆ, ಗೆಳೆಯನಿಗೆ ಯಾರೂ ಎ.ಡಿ. ಹಚ್ಚಿ ಪತ್ರ ಬರೆಯುತ್ತಿರಲಿಲ್ಲ, ಏಕೆಂದರೆ ನಂಬಿಕೆಯ ಜಾಗದಲ್ಲಿ ಸಾಕ್ಷಿ ಕೇಳುವುದು ಒರಟುತನ. ಇಂದು ‘ಊಟ ಆಯ್ತಾ’ ಎಂಬ ಎರಡು ಪದಕ್ಕೂ ಎ.ಡಿ. ಚೀಟಿ ತಾನಾಗಿ ಬಂದು ಬೀಳುತ್ತಿದೆ.

ನಡುವಿನ ದಾರಿಯೂ ನೆನಪಿನಲ್ಲಿರಲಿ. ಮೊದಲ ಎಸ್ಸೆಮ್ಮೆಸ್ ಬ್ರಿಟನ್ನಿನಲ್ಲಿ ಹೋದದ್ದು 1992ರ ಡಿಸೆಂಬರ್ 3ರಂದು. ನಮ್ಮಲ್ಲಿ ಒಂದೊಂದು ಸಂದೇಶಕ್ಕೂ ದುಡ್ಡು ಬೀಳುತ್ತಿದ್ದ ಕಾಲದಲ್ಲಿ 160 ಅಕ್ಷರದೊಳಗೆ ಮಾತು ಮುಗಿಸುತ್ತಿದ್ದೆವು. ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯುತ್ತಿರಲಿಲ್ಲ. ಕಿರಿಕಿರಿಯ ಜಾಹೀರಾತು ತಡೆಯಲೆಂದು 2011ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ದಿನಕ್ಕೆ ನೂರೇ ಸಂದೇಶ ಎಂದು ಮಿತಿ ಹಾಕಿ, ಮುಂದೆ ಅದನ್ನು ಇನ್ನೂರಕ್ಕೆ ಏರಿಸಿತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಮಾತಿನ ಬೆಲೆ ಸೊನ್ನೆಗೆ ಇಳಿದಂತೆ, ಮೌನದ ಬೆಲೆ ಏರಿತು. ‘ಒಂದು ಮೆಸೇಜ್ ಹಾಕೋಕೆ ಏನಾಗಿತ್ತು?’ ಎಂಬ ಪ್ರಶ್ನೆ ಹುಟ್ಟಿದ್ದು ಆಗ.

ಏನಾಗಿತ್ತು ಎಂದರೆ...

ಆ ಪ್ರಶ್ನೆಗೆ ಧನಕವಡಿಯಲ್ಲೇ ಉತ್ತರಗಳಿವೆ. ವೈದ್ಯಕೀಯ ಕಾಲೇಜಿನ ಇಂಟರ್ನ್ ವಾರ್ಡಿನಲ್ಲಿದ್ದಾನೆ. ಸಂದೇಶ ಬಂದದ್ದು ಕಂಡು ತೆರೆದ, ಅಷ್ಟರಲ್ಲಿ ಸಿಸ್ಟರ್ ಕರೆದರು. ಎಂಜಿನಿಯರಿಂಗ್ ಹುಡುಗಿಗೆ ಮರುದಿನ ಸಬ್‌ಮಿಷನ್. ಗೆಳತಿ ಬರೆದ ಉದ್ದನೆಯ ದುಃಖದ ಮಾತಿಗೆ ಎರಡು ಪದದಲ್ಲಿ ಉತ್ತರಿಸಲು ಮನಸ್ಸು ಬಾರದೆ, ರಾತ್ರಿ ಸಮಾಧಾನವಾಗಿ ಬರೆಯೋಣವೆಂದು ಬದಿಗಿಟ್ಟಳು. ಎಷ್ಟೋ ಸಲ ತಡವಾಗಿ ಬರುವ ಉತ್ತರವೇ ಹೆಚ್ಚು ಪ್ರೀತಿಯದು.

ಇನ್ನು ಹಿಂಜವಡಿಯಿಂದ ಬೈಕಿನಲ್ಲಿ ಮರಳುವವನು. ಅವನ ದಾರಿ ಕಾತ್ರಜ್–ದೇಹೂರೋಡ್ ಬೈಪಾಸ್. ಆ ದಾರಿಯ ನವಲೆ ಸೇತುವೆಯ ಇಳಿಜಾರು ಅಪಘಾತಗಳಿಗೆ ಕುಖ್ಯಾತ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಸುಮಾರು 48 ವಾಹನಗಳು ಸರಣಿಯಾಗಿ ಜಖಂಗೊಂಡವು. ಅಂಥ ರಸ್ತೆಯಲ್ಲಿರುವವನ ಜೇಬಿನಲ್ಲಿ ‘ಎಲ್ಲಿದ್ದಿ’, ‘ಯಾಕ ಮಾತಾಡವಲ್ಲಿ’ ಎಂದು ಫೋನು ಗುಂಯ್‌ಗುಡುತ್ತಿದ್ದರೆ, ಕೈ ಜೇಬಿಗೆ ಹೋಗದಿರುವುದು ಕಷ್ಟ. ಸವಾರಿ ಮಾಡುತ್ತ ಕೈಯಲ್ಲಿ ಫೋನು ಹಿಡಿಯುವುದನ್ನು ಮೋಟಾರು ವಾಹನ ಕಾಯ್ದೆ ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ. ಉತ್ತರ ಬೇಡುವವರಿಗೂ ಇದರಲ್ಲಿ ಹೊಣೆಯಿದೆ.

ಕಳಿಸಿದವರಿಗೂ ಪಡೆದವರಿಗೂ ನಡುವೆ ಇನ್ನೊಂದು ತಪ್ಪು ಲೆಕ್ಕವಿದೆ. ಲಾರಾ ಜುರ್ಜೆ ಮತ್ತು ವನೆಸಾ ಬಾನ್ಸ್ ಎಂಬ ಸಂಶೋಧಕಿಯರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಕೆಲಸದ ಇ–ಮೇಲ್‌ಗಳ ಬಗೆಗಿನದು. ಕಳಿಸಿದವರು ನಿಜಕ್ಕೂ ನಿರೀಕ್ಷಿಸುವುದಕ್ಕಿಂತ ಬೇಗ ಉತ್ತರ ಬೇಕೇನೋ ಎಂದು ಪಡೆದವರು ಭಾವಿಸಿಕೊಂಡು ಒತ್ತಡಕ್ಕೆ ಬೀಳುತ್ತಾರೆ ಎಂಬುದು ಅದರ ಸಾರ. ಕಳಿಸಿದವರು ‘ಅವಸರವಿಲ್ಲ’ ಎಂದು ಒಂದು ಸಾಲು ಸೇರಿಸಿದರೆ ಆ ಒತ್ತಡ ಇಳಿಯುತ್ತದೆ. ಕಚೇರಿಗೆ ಸಲ್ಲುವ ಈ ಮಾತು ಗೆಳೆತನಕ್ಕೂ ಸಲ್ಲುತ್ತದೆ.

ದನಿಯಿಲ್ಲದ ಅಕ್ಷರದ ತೊಂದರೆ ಬೇರೆ. ಬರೆದವರು ತಮ್ಮ ದನಿ ಓದುವವರಿಗೆ ಕೇಳಿಸುತ್ತದೆ ಎಂದು ಅತಿಯಾಗಿ ನಂಬುತ್ತಾರೆ ಎಂಬುದನ್ನು ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲೇ ತೋರಿಸಿದ್ದರು. ‘ಸರಿ ಬಿಡು’ ಎಂಬುದನ್ನು ನಕ್ಕು ಹೇಳಬಹುದು, ಮುನಿದೂ ಹೇಳಬಹುದು. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸಿದಾಗ ಮುನಿಸೇ ಮೊದಲು ಕಾಣುತ್ತದೆ. ಅನುಮಾನ ಬಂದ ಕೂಡಲೇ ಇನ್ನೊಂದು ಸಂದೇಶ ಬರೆಯುವ ಬದಲು ಕರೆ ಮಾಡುವುದು ಒಳ್ಳೆಯದು.

ಹೊಸ ಪ್ರೀತಿ, ಹಳೆಯ ಸ್ನೇಹ

ಪ್ರೀತಿ ಚಿಗುರುವ ದಿನಗಳಲ್ಲಿ ಉತ್ತರದ ಹೊತ್ತನ್ನು ಆಯುಧ ಮಾಡಿಕೊಳ್ಳುವ ಬುದ್ಧಿವಾದ ಪಿ.ಜಿ. ರೂಮುಗಳಲ್ಲಿ ಧಾರಾಳ. ಅವಳು ಒಂದು ಗಂಟೆ ತಡ ಮಾಡಿದರೆ ನೀನು ಎರಡು ಗಂಟೆ ಮಾಡು, ತಕ್ಷಣ ಉತ್ತರಿಸಿದರೆ ಸಸಾರ ಆಗುತ್ತಿ, ಹೀಗೆ. ಈ ಬುದ್ಧಿವಾದವನ್ನು ಕಿವಿಗೆ ಹಾಕಿಕೊಳ್ಳಬಾರದು. ಲೆಕ್ಕ ಹಾಕಿ ತಳೆದ ಮೌನದಿಂದ ಕಟ್ಟಿದ ನಂಟಿನಲ್ಲಿ ಮೊದಲ ದಿನದಿಂದಲೇ ಸುಳ್ಳು ಸೇರಿರುತ್ತದೆ. ಬಿಡುವಿದ್ದಾಗ ಬರೆಯುವುದು, ಇಲ್ಲದಾಗ ಇಲ್ಲವೆನ್ನುವುದು, ಇದರಲ್ಲಿ ಸಸಾರದ ಮಾತೇ ಇಲ್ಲ.

ಇದಕ್ಕಿಂತ ಕ್ರೂರವಾದದ್ದು ಹೇಳದೆ ಮಾಯವಾಗುವುದು. ನಾಲ್ಕಾರು ಸಲ ಭೇಟಿಯಾಗಿ, ರಾತ್ರಿಯೆಲ್ಲ ಮಾತಾಡಿ, ಒಂದು ದಿನ ಉತ್ತರವೇ ನಿಲ್ಲುತ್ತದೆ. ಹಾಗೆ ಮಾಡುವವರು ಬಹುಮಟ್ಟಿಗೆ ಕೆಟ್ಟವರಲ್ಲ, ‘ಬೇಡ’ ಎನ್ನಲು ಹೆದರಿದವರು. ಆದರೆ ಆ ಹೆದರಿಕೆಯ ದಂಡವನ್ನು ಕಟ್ಟುವವರು ಇನ್ನೊಬ್ಬರು. ‘ನನಗೆ ಇದು ಮುಂದುವರಿಸುವ ಮನಸ್ಸಿಲ್ಲ, ನಿನ್ನ ತಪ್ಪೇನಿಲ್ಲ’ ಎಂಬ ಒಂದು ಸಾಲು ಆ ರಾತ್ರಿ ಅಳಿಸಬಹುದು, ಮುಂದಿನ ತಿಂಗಳುಗಟ್ಟಲೆ ಅನುಮಾನವನ್ನು ತಪ್ಪಿಸುತ್ತದೆ. ಬೆದರಿಸುವವರ, ಹಿಂಬಾಲಿಸುವವರ ವಿಷಯ ಮಾತ್ರ ಬೇರೆ. ಅಂಥವರಿಗೆ ಯಾವ ವಿವರಣೆಯೂ ಬಾಕಿಯಿಲ್ಲ, ಬ್ಲಾಕ್ ಮಾಡುವುದೇ ಸರಿ.

ಹಳೆಯ ಸ್ನೇಹಕ್ಕೆ ಗಡಿಯಾರವಿಲ್ಲ. ಸಿಂದಗಿಯ ಶಾಲೆಯ ಬೆಂಚಿನಿಂದ ಬಂದ ಗೆಳೆತನ ಎರಡು ದಿನದ ಮೌನಕ್ಕೆ ಮುರಿಯುವುದಿಲ್ಲ. ಅಲ್ಲಿನ ಅಪಾಯ ಬೇರೆ. ಉತ್ತರಿಸಲು ತಡವಾಯಿತು, ಇಷ್ಟು ತಡವಾಗಿ ಏನಂತ ಬರೆಯಲಿ ಎಂಬ ನಾಚಿಕೆ, ಆ ನಾಚಿಕೆಯಿಂದ ಇನ್ನಷ್ಟು ತಡ. ವರ್ಷ ಕಳೆದು ಸ್ನೇಹವೇ ಸೊರಗುತ್ತದೆ. ಪೆಗಿ ಲಿಯು ನೇತೃತ್ವದ ತಂಡ 2022ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಧೈರ್ಯ ಕೊಡುತ್ತದೆ. ಬಹಳ ದಿನದ ಮೇಲೆ ಸುಮ್ಮನೆ ನೆನಪಾಗಿ ಯಾರಿಗಾದರೂ ಬರೆದರೆ, ನಾವು ಎಣಿಸುವುದಕ್ಕಿಂತ ಹೆಚ್ಚು ಸಂತೋಷ ಅವರಿಗಾಗುತ್ತದೆ. ಅನಿರೀಕ್ಷಿತವಾದಷ್ಟೂ ಆ ಸಂತೋಷ ಹೆಚ್ಚು.

ಇನ್ನು ಮನೆ. ರಾತ್ರಿ ಒಂಬತ್ತಕ್ಕೆ ಊರಿನಿಂದ ತಾಯಿ ಕಳಿಸುವ ಧ್ವನಿ ಸಂದೇಶ ಆರೇಳು ಸೆಕೆಂಡಿನದು: ‘ಊಟ ಆತೇನಪಾ? ಮೆಸ್ಸಿನಾಗ ಏನ್ ಮಾಡಿದ್ರು?’ ಹಿಂದೆ ಎಮ್ಮೆಯ ಕೂಗು, ಪಕ್ಕದ ಮನೆಯ ಟಿ.ವಿ. ಪ್ರೀತಿಸುವ ಹುಡುಗಿಯ ಉತ್ತರ ಅರ್ಧ ಗಂಟೆ ತಡವಾದರೆ ಒದ್ದಾಡುವವನು ಈ ಪ್ರಶ್ನೆಯನ್ನು ಮರುದಿನಕ್ಕೆ ತಳ್ಳುತ್ತಾನೆ. ಅವ್ವ ಎಲ್ಲಿಗೂ ಹೋಗುವುದಿಲ್ಲ ಎಂಬ ಭರವಸೆ ಅದರ ಹಿಂದಿದೆ. ಆ ಭರವಸೆಯನ್ನು ಹೀಗೆ ಬಳಸಿಕೊಳ್ಳುವುದು ನ್ಯಾಯವಲ್ಲ. ‘ಆತು ಬೇ, ಚಪಾತಿ, ಬದನಿಕಾಯಿ ಪಲ್ಯ’ ಎನ್ನಲು ಬೇಕಾದದ್ದು ಹತ್ತು ಸೆಕೆಂಡು.

ಕಾಳಜಿ ಕಾವಲಾಗಬಾರದು

ಉತ್ತರ ಬೇಡುವುದಕ್ಕೂ ಒಂದು ಎಲ್ಲೆಯಿದೆ. ‘ಹನ್ನೆರಡಕ್ಕೆ ಆನ್‌ಲೈನ್ ಇದ್ದಿ, ಯಾರ ಜೋಡಿ?’, ‘ಲೊಕೇಶನ್ ಕಳಿಸು’, ‘ರೂಮಿನಾಗ ಇದ್ದೀ ಅಂದ್ರ ಫೋಟೊ ಹಾಕು’. ಇಂಥ ಪ್ರಶ್ನೆಗಳು ಕಾಳಜಿಯ ಮಾತಿನಲ್ಲಿ ಶುರುವಾಗಿ ಕಾವಲಿನಲ್ಲಿ ಮುಗಿಯುತ್ತವೆ. ಉತ್ತರ ತಡವಾದರೆ ಶಿಕ್ಷೆ ಕಾದಿದೆ ಎಂಬ ಹೆದರಿಕೆ ಮೂಡಿದ ದಿನ ಅದು ಪ್ರೀತಿಯಾಗಿ ಉಳಿದಿರುವುದಿಲ್ಲ. ಅಂಥದ್ದರಲ್ಲಿ ಸಿಲುಕಿದ ಹುಡುಗಿಯರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಕಾಯುವಿಕೆ ನಿದ್ದೆ, ಊಟ, ಓದನ್ನೇ ಕಸಿಯುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 14416ರಲ್ಲಿ ಮಾತಾಡಲು ಜನರಿದ್ದಾರೆ. ಫೋನು ಬಿಡಲಾಗದ ಚಟಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ‘ಶಟ್’ ಎಂಬ ಕ್ಲಿನಿಕ್ ನಡೆಸುತ್ತಿದೆ. ಅಲ್ಲಿಗೆ ಹೋಗುವುದರಲ್ಲಿ ಸಂಕೋಚ ಬೇಕಿಲ್ಲ.

ಕಚೇರಿ ಮುಗಿದ ಮೇಲೆ ಮೇಲಧಿಕಾರಿಯ ಸಂದೇಶಕ್ಕೆ ಉತ್ತರಿಸದಿರುವ ಹಕ್ಕು ಬೇಕೆಂದು ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ 2018ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಫ್ರಾನ್ಸ್‌ನಲ್ಲಿ 2017ರಿಂದ ಅಂಥ ಕಾನೂನಿದೆ. ಗೆಳೆಯರ ನಡುವೆ ಕಾನೂನು ಬರಲಾರದು, ಬರಬೇಕಾಗಿಯೂ ಇಲ್ಲ. ಅಲ್ಲಿ ನಡೆಯುವುದು ರೂಢಿ. ಆ ರೂಢಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಹೀಗೊಂದು ರೂಢಿ ಇರಲಿ

ಮೊದಲನೆಯದಾಗಿ, ಸಂದೇಶಗಳನ್ನು ವಿಂಗಡಿಸೋಣ. ಕಾಯಿಲೆ, ಹಣದ ಅಡಚಣೆ, ರಾತ್ರಿ ಹೊತ್ತಿನ ಪ್ರಯಾಣ, ಎಲ್ಲಿ ಸೇರುವುದು ಎಂಬ ಪ್ರಶ್ನೆ ಇವಕ್ಕೆ ಕಂಡ ಕೂಡಲೇ ಉತ್ತರ. ನಗೆಚಿತ್ರ, ಹಾಡಿನ ಲಿಂಕು, ರೀಲ್ಸುಗಳಿಗೆ ಉತ್ತರಿಸದಿದ್ದರೂ ನಡೆಯುತ್ತದೆ. ಉದ್ದನೆಯ ಮನಸಿನ ಮಾತಿಗೆ ಹೊತ್ತು ತೆಗೆದುಕೊಳ್ಳಬಹುದು, ತೆಗೆದುಕೊಂಡಿದ್ದೇನೆ ಎಂದು ತಿಳಿಸಬೇಕು ಅಷ್ಟೆ. ‘ಓದಿದೆ. ಈಗ ಕೆಲಸದಾಗ ಇದ್ದೀನಿ, ರಾತ್ರಿ ಬರೀತೀನಿ’ ಎಂದರೆ ಕಾಯುವಿಕೆಗೆ ಹಿಂದಿನ ಟಪಾಲಿನ ಅಳತೆ ಮರಳಿ ಬರುತ್ತದೆ. ಹೇಳಿದ ಮೇಲೆ ರಾತ್ರಿ ಬರೆಯಲೇಬೇಕು.

ಕಳಿಸುವವರೂ ತಮ್ಮ ಪಾಲಿನ ಸೌಜನ್ಯ ತೋರಲಿ. ಬರೀ ‘ಹಾಯ್’ ಹಾಕಿ ಉತ್ತರಕ್ಕೆ ಕಾಯುವ ಬದಲು ವಿಷಯವನ್ನೇ ಬರೆಯಲಿ. ಅವಸರವಿದ್ದರೆ ಅವಸರ ಎನ್ನಲಿ, ಇಲ್ಲದಿದ್ದರೆ ಇಲ್ಲ ಎನ್ನಲಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಳಿಸುವುದನ್ನು ಬಿಡಲಿ. ಸಾವು, ಅಗಲಿಕೆ, ಕ್ಷಮೆ ಈ ಮೂರನ್ನು ಸಂದೇಶದಲ್ಲಿ ಮುಗಿಸದೆ, ಸಾಧ್ಯವಾದರೆ ಎದುರು ಕೂತು, ಆಗದಿದ್ದರೆ ಕರೆ ಮಾಡಿ ಹೇಳಲಿ. ಹೊಸ ನಂಟಿನಲ್ಲಿರುವವರು ಒಂದು ಸಂಜೆ ಬಿಚ್ಚುಮನಸ್ಸಿನಿಂದ ಮಾತಾಡಿಕೊಳ್ಳಲಿ: ನಾನು ಕ್ಲಾಸಿನಲ್ಲಿ ಫೋನ್ ನೋಡುವುದಿಲ್ಲ, ನಾನು ರಾತ್ರಿ ಹತ್ತರ ಮೇಲೆ ಮಲಗುತ್ತೇನೆ, ನನಗೆ ಬರೆಯುವುದಕ್ಕಿಂತ ಮಾತಾಡುವುದು ಇಷ್ಟ. ಇಷ್ಟು ಗೊತ್ತಿದ್ದರೆ ನೀಲಿ ಟಿಕ್‌ಗೆ ಯಾರೂ ಜಾತಕ ಬರೆಯುವುದಿಲ್ಲ.

ಬೇಗ ಉತ್ತರಿಸುವವರೆಲ್ಲ ನಮ್ಮವರಲ್ಲ, ತಡ ಮಾಡುವವರೆಲ್ಲ ಪರಕೀಯರೂ ಅಲ್ಲ. ನಮ್ಮನ್ನು ನಂಬಿ ಬರೆದವರಿಗೆ ನಾವು ಕೊಡಬೇಕಾದದ್ದು ವೇಗವಲ್ಲ, ಸುದ್ದಿ. ಓದಿ ಉತ್ತರಿಸದೆ ಬಿಟ್ಟ ಸಂದೇಶ ಒಂದಾದರೂ ನಿಮ್ಮ ಫೋನಿನಲ್ಲಿ ಇರಬಹುದು. ಅದನ್ನು ಹುಡುಕಿ ತೆಗೆಯಿರಿ, ತಡವಾದ ಕಾರಣವನ್ನು ಉದ್ದಕ್ಕೆ ವಿವರಿಸಲು ಹೋಗದೆ ಇಂದೇ ಎರಡು ಸಾಲು ಬರೆಯಿರಿ.